ಗುಂಪಿನಲ್ಲಿ ಗೋವಿಂದ: ದುಡ್ಡು ಕೊಟ್ಟು ಕೂರುವ ಸ್ಟಡಿ ರೂಮುಗಳು ಎಷ್ಟಕ್ಕೆ ಲಾಯಕ್ಕು?

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಅಥವಾ ಧಾರವಾಡದ ಸಪ್ತಾಪುರದಲ್ಲಿ ಒಂದು ಸಂಜೆ ಸುತ್ತಾಡಿದರೆ ಮೊದಲ ಮಹಡಿ, ಎರಡನೇ ಮಹಡಿಗಳ ಮೇಲೆ ಬೋರ್ಡುಗಳು ಕಾಣುತ್ತವೆ: ರೀಡಿಂಗ್ ರೂಮ್, ಸ್ಟಡಿ ಸೆಂಟರ್, ಡಿಜಿಟಲ್ ಲೈಬ್ರರಿ. ಹೆಸರು ಲೈಬ್ರರಿ ಎಂದಿದ್ದರೂ ಒಳಗೆ ಪುಸ್ತಕ ಹುಡುಕಬೇಡಿ. ಎರಡು ದಿನಪತ್ರಿಕೆ, ನಾಲ್ಕು ಹಳೇ ಮಾಸಪತ್ರಿಕೆ ಇದ್ದರೆ ಅದೇ ಹೆಚ್ಚು. ಅಲ್ಲಿ ಸಿಗುವುದು ಎರಡೂವರೆ ಅಡಿ ಅಗಲದ ಮೇಜು, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟು, ವೈಫೈ. ಇವೆಲ್ಲ ಪಿ.ಜಿ. ರೂಮಿನಲ್ಲೂ ಇರುತ್ತವೆ. ಹಾಗಿದ್ದೂ ಕೆ.ಎ.ಎಸ್., ಪಿ.ಎಸ್.ಐ., ಪಿ.ಡಿ.ಒ., ಎಫ್.ಡಿ.ಎ. ಎಂದು ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಓದುವವರು ತಿಂಗಳ ಶುಲ್ಕ ಕಟ್ಟಿ ಬರುತ್ತಾರೆ. ಕಾರಣ, ಅಕ್ಕಪಕ್ಕದಲ್ಲಿ ಬಗ್ಗಿ ಓದುತ್ತಿರುವ ತಲೆಗಳು. ದುಡ್ಡು ಹೋಗುವುದು ಆ ತಲೆಗಳಿಗೆ. ಹಾಗಾಗಿ ಈ ವಿಮರ್ಶೆಯೂ ಮೇಜು ಕುರ್ಚಿಗಿಂತ ಹೆಚ್ಚಾಗಿ ಅವುಗಳದ್ದೇ.

ತೀರ್ಪು ಮೊದಲೇ ಹೇಳಿಬಿಡೋಣ. ಒಮ್ಮೆ ಓದಿ ಗೊತ್ತಿರುವುದನ್ನು ತಿರುವಿ ಹಾಕಲು, ವೇಗ ಗಳಿಸಲು, ದಿನಾ ಹೊತ್ತಿಗೆ ಸರಿಯಾಗಿ ಕೂರುವ ರೂಢಿಗೆ ಈ ಸೇವೆಗೆ ಹತ್ತಕ್ಕೆ ಎಂಟು. ಹೊಸ ವಿಷಯವನ್ನು ಮೊದಲ ಸಲ ತಲೆಗೆ ಹತ್ತಿಸಿಕೊಳ್ಳಲು ನಾಲ್ಕು. 'ಗ್ರೂಪ್ ಡಿಸ್ಕಷನ್ ರೂಮ್ ಇದೆ' ಎಂದು ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಬರೆಸಿರುತ್ತಾರಲ್ಲ, ಅಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೋಡಿದರೆ ಅದಕ್ಕೆ ಎರಡು. ಅದೂ ಗಾಳಿ ಚೆನ್ನಾಗಿದ್ದರೆ.

ಒಂದೇ ಹಾಲ್‌ಗೆ ಎಂಟೂ ನಾಲ್ಕೂ ಹೇಗೆ ಬರುತ್ತದೆ ಎಂಬುದು ಹೊಸ ಪ್ರಶ್ನೆಯಲ್ಲ. 1898ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ನಾರ್ಮನ್ ಟ್ರಿಪ್ಲೆಟ್ 40 ಮಕ್ಕಳ ಕೈಗೆ ಮೀನುಗಾಳದ ರಾಟೆ ಕೊಟ್ಟು ತಿರುಗಿಸಲು ಹೇಳಿದರು. ಒಮ್ಮೆ ಒಂಟಿಯಾಗಿ, ಇನ್ನೊಮ್ಮೆ ಪಕ್ಕದಲ್ಲಿ ಮತ್ತೊಂದು ಮಗುವನ್ನು ನಿಲ್ಲಿಸಿ. ಜೊತೆಯಿದ್ದಾಗ 20 ಮಕ್ಕಳ ಕೈ ಚುರುಕಾಯಿತು. 10 ಮಕ್ಕಳಿಗೆ ಏನೂ ವ್ಯತ್ಯಾಸವಾಗಲಿಲ್ಲ. ಉಳಿದ 10 ಮಕ್ಕಳು ತಡಬಡಾಯಿಸಿ ನಿಧಾನವಾದರು. ಸ್ಟಡಿ ರೂಮಿನ ಪಾಂಪ್ಲೆಟ್‌ಗಳು ಮೊದಲ 20 ಮಕ್ಕಳ ಬಗ್ಗೆ ಮಾತ್ರ ಮಾತಾಡುತ್ತವೆ.

ನಿಧಾನವಾಗುವವರು ಯಾಕೆ ನಿಧಾನವಾಗುತ್ತಾರೆ ಎಂಬುದಕ್ಕೆ 1965ರಲ್ಲಿ ಮನೋವಿಜ್ಞಾನಿ ರಾಬರ್ಟ್ ಝಾಯಾನ್ಸ್ ಒಂದು ಸರಳ ವಿವರಣೆ ಕೊಟ್ಟರು. ಸುತ್ತ ಜನ ಇದ್ದರೆ ಮೈಮನಸ್ಸು ಚುರುಕಾಗುತ್ತದೆ. ಆ ಚುರುಕಿನಲ್ಲಿ ಮೊದಲು ಹೊರಬರುವುದು ನಮಗೆ ರೂಢಿಯಾಗಿರುವ ಪ್ರತಿಕ್ರಿಯೆ. ರೂಢಿಯಾದದ್ದು ಸರಿಯಾಗಿದ್ದರೆ ಕೆಲಸ ಬೇಗ ಆಗುತ್ತದೆ, ತಪ್ಪಾಗಿದ್ದರೆ ತಪ್ಪೇ ಬೇಗ ಆಗುತ್ತದೆ. 1969ರಲ್ಲಿ ಝಾಯಾನ್ಸ್ ಮತ್ತು ಜೊತೆಗಾರರು ಇದನ್ನು ಜಿರಳೆಗಳ ಮೇಲೂ ನೋಡಿದರು. ಬೆಳಕಿನಿಂದ ತಪ್ಪಿಸಿಕೊಂಡು ಕತ್ತಲೆಗೆ ಓಡುವ ದಾರಿ ನೆಟ್ಟಗಿದ್ದಾಗ, ಪಕ್ಕದ ಪಾರದರ್ಶಕ ಡಬ್ಬಿಗಳಲ್ಲಿ ಬೇರೆ ಜಿರಳೆಗಳು 'ಪ್ರೇಕ್ಷಕ'ರಾಗಿದ್ದರೆ ಓಟ ಚುರುಕಾಯಿತು. ದಾರಿಯಲ್ಲಿ ತಿರುವು ಇಟ್ಟಾಗ ಅದೇ ಪ್ರೇಕ್ಷಕರಿಂದ ಓಟ ನಿಧಾನವಾಯಿತು. ಇದು ಜಿರಳೆಗಳಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. 1982ರ ಇನ್ನೊಂದು ಅಧ್ಯಯನದಲ್ಲಿ ಪೂಲ್ (ಬಿಲಿಯರ್ಡ್ಸ್‌ನಂಥ ಮೇಜಿನ ಆಟ) ಆಡುವವರ ಪಕ್ಕ ನಾಲ್ಕು ಜನ ಬಂದು ನಿಂತು ನೋಡಿದರು. ಚೆನ್ನಾಗಿ ಆಡುವವರ ಗುರಿ ಶೇ. 71ರಿಂದ 80ಕ್ಕೆ ಏರಿತು, ಕಚ್ಚಾ ಆಟಗಾರರದ್ದು ಶೇ. 36ರಿಂದ 25ಕ್ಕೆ ಇಳಿಯಿತು.

ಸ್ಟಡಿ ರೂಮಿಗೆ ಯಾವ ಓದು ತರಬೇಕು, ಯಾವುದನ್ನು ನಮ್ಮ ರೂಮಿನಲ್ಲೇ ಬಿಟ್ಟು ಬರಬೇಕು ಎಂಬುದು ಇಲ್ಲಿಂದ ತಾನಾಗಿ ಹೊರಡುತ್ತದೆ. ಇತಿಹಾಸದ ಎರಡನೇ, ಮೂರನೇ ಓದು, ಕರೆಂಟ್ ಅಫೇರ್ಸ್ ನೋಟ್ಸ್ ತಿರುವುದು, ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುವುದು, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಬಿಡಿಸುವುದು ಎಲ್ಲಾ ನೆಟ್ಟಗಿನ ದಾರಿ, ಹಾಲ್‌ಗೆ ತನ್ನಿ. ಮೆಂಟಲ್ ಎಬಿಲಿಟಿಯ ಹೊಸ ಅಧ್ಯಾಯ ತಿರುವಿನ ದಾರಿ. ಉದಾಹರಣೆಗೆ 'ಸಮಯ ಮತ್ತು ಕೆಲಸ'ದ ಲೆಕ್ಕ. ಮೊದಲ ಮೂವತ್ತು, ನಲವತ್ತು ಲೆಕ್ಕವನ್ನು ಒಂಟಿಯಾಗಿ, ಬಾಗಿಲು ಹಾಕಿಕೊಂಡು, ಗಡಿಯಾರ ನೋಡದೆ ಮಾಡಬೇಕು. ತಪ್ಪಾದಾಗ ಜೋರಾಗಿ ಬೈದುಕೊಳ್ಳಲು, ಎದ್ದು ಓಡಾಡಲು, ಅದೇ ಲೆಕ್ಕವನ್ನು ಮೂರು ಸಲ ಹರಿದು ಬರೆಯಲು ಜಾಗ ಬೇಕು. ಹಾಲ್‌ನಲ್ಲಿ ಈ ಸ್ವಾತಂತ್ರ್ಯ ಇಲ್ಲ. ಪಕ್ಕದವ ಸರಸರನೆ ಹಾಳೆ ತಿರುವುವ ಸದ್ದು ಕಿವಿಗೆ ಬಿದ್ದರೆ, ಅರ್ಥವಾಗದ ಹೆಜ್ಜೆಯನ್ನು ಹಾರಿಸಿ ಉತ್ತರ ನೋಡಿಬಿಡುವ ಚಪಲ ಹುಟ್ಟುತ್ತದೆ. ಹತ್ತಕ್ಕೆ ಏಳು ಲೆಕ್ಕ ಸರಿ ಬರತೊಡಗಿದ ಮೇಲೆ ಅದೇ ಅಧ್ಯಾಯವನ್ನು ಹಾಲ್‌ಗೆ ತಂದು ಟೈಮರ್ ಇಡಿ. 120 ನಿಮಿಷಕ್ಕೆ 100 ಪ್ರಶ್ನೆ ಎಂದರೆ ಒಂದಕ್ಕೆ 72 ಸೆಕೆಂಡು. ಓ.ಎಂ.ಆರ್. ಹಾಳೆಯ ಗುಂಡಿ ತುಂಬುವ ಹೊತ್ತು ಕಳೆದರೆ ಒಂದು ನಿಮಿಷ ಮಾತ್ರ ಉಳಿಯುತ್ತದೆ. ಆ ವೇಗ ಕೂಡಿಬರುವುದು ಜನರ ನಡುವೆಯೇ.

ಪರೀಕ್ಷಾ ಕೊಠಡಿಯೂ ಒಂದು ಗುಂಪೇ ಎಂಬುದನ್ನು ಮರೆಯಬಾರದು. ಮನೆಯಲ್ಲೇ ಓದಿ ಮನೆಯಲ್ಲೇ ಮಾಕ್ ಟೆಸ್ಟ್ ಬರೆದವರು ನಿಜವಾದ ಪರೀಕ್ಷೆಯ ದಿನ ಮುಂದಿನ ಬೆಂಚಿನವ ಹಾಳೆ ತಿರುವಿದ ಸದ್ದಿಗೇ ಬೆವರುತ್ತಾರೆ. ವರ್ಷವಿಡೀ ಶುಲ್ಕ ಕಟ್ಟಲು ಆಗದವರು ಪರೀಕ್ಷೆಗೆ ಮೊದಲಿನ ಒಂದೂವರೆ ತಿಂಗಳಾದರೂ ಹಾಲ್ ಹಿಡಿಯಬೇಕು ಅನ್ನುವುದು ಇದೇ ಕಾರಣಕ್ಕೆ. ಆಗ ಮಾಕ್ ಟೆಸ್ಟ್‌ಗಳನ್ನು ಪರೀಕ್ಷೆಯ ಹೊತ್ತಿಗೇ, ಹಾಲ್ ತುಂಬಿರುವಾಗಲೇ ಬರೆಯಿರಿ.

ಇನ್ನು ಕ್ಯಾಬಿನ್. ಮಾಲೀಕರು ಹೆಮ್ಮೆಯಿಂದ ತೋರಿಸುವುದು ಮೂರು ಕಡೆಯೂ ತಲೆಯೆತ್ತರದ ಪ್ಲೈವುಡ್ ಇರುವ ಡಬ್ಬಿಯಂಥ ಕ್ಯಾಬಿನ್. ಕೆಲವು ಕಡೆ ಹಿಂದೆ ಪರದೆಯೂ ಇರುತ್ತದೆ, ಅದಕ್ಕೆ ಹೆಚ್ಚು ಶುಲ್ಕ. ಇದು ದುಡ್ಡು ಕೊಟ್ಟು ಗುಂಪಿನ ಲಾಭ ಕಳೆದುಕೊಳ್ಳುವ ವ್ಯಾಪಾರ. 1968ರಲ್ಲಿ ನಿಕೋಲಸ್ ಕಾಟ್ರೆಲ್ ಮತ್ತು ಸಂಗಡಿಗರು ಮಾಡಿದ ಪ್ರಯೋಗದಲ್ಲಿ ಪ್ರೇಕ್ಷಕರ ಕಣ್ಣಿಗೆ ಬಟ್ಟೆ ಕಟ್ಟಿದಾಗ ಅವರ ಹಾಜರಿಯಿಂದ ಏನೂ ಪರಿಣಾಮ ಆಗಲಿಲ್ಲ. ಅಂದರೆ ಯಾರೋ ನಮ್ಮನ್ನು ನೋಡಬಹುದು, ಅಳೆಯಬಹುದು ಎಂಬ ಅರಿವು ಬೇಕು. ಪರದೆ ಎಳೆದ ಕ್ಯಾಬಿನ್‌ನಲ್ಲಿ ಅದು ಇರುವುದಿಲ್ಲ. ಇರುವುದು ಮೊಬೈಲು ಮತ್ತು ಮಧ್ಯಾಹ್ನದ ನಿದ್ದೆ. ಅದಕ್ಕೆ ಪಿ.ಜಿ.ಯ ಮಂಚವೇ ಸಾಕಾಗಿತ್ತು.

ಹಾಗೆಂದು ಮದುವೆ ಮನೆಯ ಊಟದ ಟೇಬಲ್ಲಿನ ಥರ ಎದುರುಬದುರು ಕೂರಿಸುವುದೂ ಬೇಡ. ತಲೆ ಎತ್ತಿದರೆ ಇನ್ನೊಬ್ಬರ ಮುಖವೇ ಕಂಡರೆ ಕಣ್ಣು ಪುಸ್ತಕದಲ್ಲಿ ನಿಲ್ಲುವುದಿಲ್ಲ. ಸರಿಯಾದ ಅಳತೆ ಇವೆರಡರ ನಡುವೆ ಇದೆ. ಮೇಜಿನ ಹಲಗೆ ನೆಲದಿಂದ 29–30 ಇಂಚು, ಅದರ ಮೇಲೆ ಅಡ್ಡಗೋಡೆ ಒಂದೂವರೆ ಅಡಿ, ಒಟ್ಟು ನಾಲ್ಕು ಅಡಿ. ಬಗ್ಗಿ ಬರೆಯುವಾಗ ಯಾರೂ ಕಾಣುವುದಿಲ್ಲ. ಬೆನ್ನು ನೆಟ್ಟಗೆ ಮಾಡಿದರೆ ಇಡೀ ಹಾಲ್‌ನ ತಲೆಗಳು ಕಾಣುತ್ತವೆ, ನಿಮ್ಮದೂ ಕಾಣುತ್ತದೆ. ನೋಡಲು ಹೋದಾಗ ಒಂದು ಟೇಪು ಒಯ್ಯಿರಿ. ನಾಚಿಕೆಯಾದರೆ ಅಂಗೈ ಅಳತೆ: ಮೇಜಿನ ಮೇಲೆ ಎರಡು ಗೇಣು ಇದ್ದರೆ ಸರಿ, ಮೂರೂವರೆ ಗೇಣು ಇದ್ದರೆ ಡಬ್ಬಿ.

ಸೀಟು ಆರಿಸುವಾಗ ಬಹಳ ಜನ ನೋಡುವುದು ಎ.ಸಿ. ಎಲ್ಲಿದೆ ಎಂದು. ನೋಡಬೇಕಾದದ್ದು ಪಕ್ಕದಲ್ಲಿ ಯಾರಿದ್ದಾರೆ ಎಂದು. ಬಾಗಿಲ ಪಕ್ಕದ ಸೀಟು, ನೀರಿನ ಕ್ಯಾನ್ ಪಕ್ಕದ ಸೀಟು, ಶೌಚಾಲಯದ ದಾರಿಯ ಸೀಟು ಬೇಡವೇ ಬೇಡ. ದಾರಿ ಕಾಣುವಂತೆ, ಆದರೆ ದಾರಿಗೆ ಬೆನ್ನು ಕೊಡದಂತೆ ಕೂರುವುದು ಒಳ್ಳೆಯದು. ಬೆನ್ನ ಹಿಂದೆ ಓಡಾಟ ಇದ್ದರೆ ಪ್ರತಿ ಹೆಜ್ಜೆಗೂ ಗಮನ ಅರ್ಧ ಒಡೆಯುತ್ತದೆ. ಪಕ್ಕದ ಸೀಟಿನವರು ನಿಮಗಿಂತ ತುಸು ಮುಂದಿರಬೇಕು, ತುಸು ಮಾತ್ರ. ಜರ್ಮನಿಯ ಆಟೊ ಕೋಲರ್ 1920ರ ದಶಕದಲ್ಲಿ ಬರ್ಲಿನ್ನಿನ ದೋಣಿ ಹುಟ್ಟು ಹಾಕುವ ಕ್ಲಬ್ಬಿನವರಿಂದ ಭಾರ ಎತ್ತಿಸಿ ನೋಡಿದ್ದರು. ಜೋಡಿಯಲ್ಲಿ ದುರ್ಬಲನಾದವನು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಡೆದ. ಆದರೆ ಇಬ್ಬರ ಶಕ್ತಿ ತೀರಾ ಸಮ ಇದ್ದರೂ, ತೀರಾ ಅಂತರ ಇದ್ದರೂ ಲಾಭ ಕಡಿಮೆ. ಮಧ್ಯಮ ಅಂತರದಲ್ಲೇ ಅದು ಹೆಚ್ಚು. ಮೊನ್ನೆ ಮೊನ್ನೆ ಓದು ಹಿಡಿದವರು ಮೂರನೇ ಸಲ ಸಂದರ್ಶನಕ್ಕೆ ಹೋಗುತ್ತಿರುವವರ ಪಕ್ಕ ಸೀಟು ಹಿಡಿದು ಹದಿನೈದೇ ದಿನಕ್ಕೆ ಕೈಚೆಲ್ಲುವುದಕ್ಕೆ ವಿವರಣೆ ಇಲ್ಲಿ ಸಿಗುತ್ತದೆ. ಒಂದು ಪ್ರಿಲಿಮ್ಸ್ (ಮೊದಲ ಹಂತದ ಪರೀಕ್ಷೆ) ಬರೆದು ನಾಲ್ಕೈದು ಅಂಕದಲ್ಲಿ ಕಟ್-ಆಫ್ ತಪ್ಪಿದವರು ಸಿಕ್ಕರೆ ಬಿಡಬೇಡಿ, ಅವರ ಪಕ್ಕದ ಸೀಟು ಎ.ಸಿ. ಸೀಟಿಗಿಂತ ಮೇಲು.

ಎ.ಸಿ. ಮಾತು ಬಂತಲ್ಲ. ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಹಾಲ್‌ನಲ್ಲಿ 40 ಜನ ಇದ್ದಾರೆ ಎಂದುಕೊಳ್ಳಿ. ಸುಮ್ಮನೆ ಕೂತವರೊಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಕಿಟಕಿ, ಬಾಗಿಲು, ಸಂದು ಎಲ್ಲಾ ಪೂರ್ತಿ ಮುಚ್ಚಿದ್ದರೆ ಅದು ಗಂಟೆಗೆ 4,000 ಪಿಪಿಎಂನಷ್ಟು (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 4,000 ಪಾಲು) ಏರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಬಾಗಿಲು ತೆರೆದು ಮುಚ್ಚುವುದರಿಂದ ಅಷ್ಟು ಏರದಿದ್ದರೂ ಮಧ್ಯಾಹ್ನ ಮೂರರ ಹೊತ್ತಿಗೆ ಹಾಲ್ ಮಂಕಾಗುವುದಕ್ಕೆ ಮುದ್ದೆ ಊಟವೊಂದನ್ನೇ ದೂರಬೇಡಿ. ಮೇಲೆ ಆಕಳಿಕೆ ಬೇರೆ ಅಂಟುಜಾಡ್ಯ. ಒಬ್ಬರು ಬಾಯಿ ತೆರೆದರೆ ಸಾಲಿಗೆ ಸಾಲೇ ತೆರೆಯುತ್ತದೆ. ಹೊರಗೆ ಗಾಳಿ ದೂಡುವ ಎಕ್ಸಾಸ್ಟ್ ಫ್ಯಾನು ಇದೆಯೇ, ಅದು ತಿರುಗುತ್ತಿದೆಯೇ, ಎದುರು ಗೋಡೆಯಲ್ಲಿ ಗಾಳಿ ಒಳಬರಲು ಕಿಂಡಿ ಇದೆಯೇ ನೋಡಿ. ಕಿಟಕಿ ತೆರೆದು ಫ್ಯಾನ್ ಹಾಕಿದ ಸಾಧಾರಣ ಹಾಲ್, ಗಾಳಿಯಾಡದ ಎ.ಸಿ. ಹಾಲ್‌ಗಿಂತ ಓದಿಗೆ ಮೇಲು, ಶುಲ್ಕವೂ ಕಡಿಮೆ.

ಬೆಳಕು, ಕುರ್ಚಿ ಬೇಗ ಮುಗಿಸೋಣ. ಟ್ಯೂಬ್‌ಲೈಟು ಬೆನ್ನ ಹಿಂದಿದ್ದರೆ ಪುಸ್ತಕದ ಮೇಲೆ ನಿಮ್ಮದೇ ನೆರಳು ಬೀಳುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು. ಕುರ್ಚಿಯ ಎತ್ತರ 17–18 ಇಂಚು, ಪಾದ ನೆಲಕ್ಕೆ ಪೂರ್ತಿ ಊರಬೇಕು. ಕುರ್ಚಿಯ ಕಾಲಿಗೆ ರಬ್ಬರ್ ಬೂಟು ಇಲ್ಲದಿದ್ದರೆ ಯಾರು ಎದ್ದರೂ ಇಡೀ ಹಾಲ್‌ಗೆ ಗೊತ್ತಾಗುತ್ತದೆ. ಅಷ್ಟಕ್ಕೂ ಖರ್ಚು ಮಾಡದ ಮಾಲೀಕರು ಎಕ್ಸಾಸ್ಟ್ ಫ್ಯಾನ್ ಹಾಕಿಸಿರುತ್ತಾರೆಂದು ನಂಬುವುದು ಕಷ್ಟ.

ಈಗ ಆ ಎರಡು ಅಂಕದ ಕೋಣೆಗೆ ಬರೋಣ. ಡಿಸ್ಕಷನ್ ರೂಮಿನಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಹೀಗಿರುತ್ತದೆ. ಎಂಟು ಜನ, ಒಂದು ವೈಟ್ ಬೋರ್ಡು, ಒಬ್ಬರು ಮಾತಾಡುತ್ತಿರುತ್ತಾರೆ, ಇಬ್ಬರು ತಲೆಯಾಡಿಸುತ್ತಾರೆ, ಮೂವರು ಮೊಬೈಲ್ ನೋಡುತ್ತಾರೆ, ಉಳಿದಿಬ್ಬರು ಟೀ ತರಲು ಹೋಗಿರುತ್ತಾರೆ. ಸಂಜೆ ಎಲ್ಲರೂ 'ಇವತ್ತು ಡಿಸ್ಕಷನ್ ಆಯಿತು' ಎಂದು ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಗುಂಪಿನಲ್ಲಿ ಗೋವಿಂದ ಅನ್ನುವುದು ಇದಕ್ಕೇ.

ಗೋವಿಂದನ ದನಿ ಎಷ್ಟು ಕುಗ್ಗುತ್ತದೆ ಎಂಬುದಕ್ಕೂ ಅಳತೆಯಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಬ್ಬರೇ ಎಳೆದಾಗಿನ ಬಲ 100 ಎಂದುಕೊಂಡರೆ ಇಬ್ಬರು ಸೇರಿದಾಗ ತಲಾ 93, ಮೂವರಾದಾಗ 85, ಎಂಟು ಜನರಾದಾಗ 49. ಎಂಟು ಜನ ಸೇರಿ ನಾಲ್ವರ ಕೆಲಸ! ಕಾಲು ಜಾರುವುದು, ಒಟ್ಟಿಗೆ ಎಳೆಯಲು ಬಾರದಿರುವುದು ಇದರಲ್ಲಿ ಒಂದು ಪಾಲು. ಆದರೆ 1974ರಲ್ಲಿ ಅಲನ್ ಇಂಗಮ್ ಮತ್ತು ಸಂಗಡಿಗರು ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಯಾರೂ ಎಳೆಯದಿದ್ದರೂ ಎಳೆಯುತ್ತಿದ್ದಾರೆ ಎಂದು ನಂಬಿಸಿದರು. ಆಗಲೂ ಜನ ಕಡಿಮೆಯೇ ಎಳೆದರು. 1979ರಲ್ಲಿ ಬಿಬ್ ಲಟಾನೆ ಮತ್ತಿಬ್ಬರು ಚಪ್ಪಾಳೆ, ಕೇಕೆಗಳ ಸದ್ದು ಅಳೆದರು. ಜೋಡಿಯಲ್ಲಿ ತಮ್ಮ ಶಕ್ತಿಯ ಶೇ. 71, ನಾಲ್ವರಲ್ಲಿ 51, ಆರು ಜನರಲ್ಲಿ 40.

ಮದ್ದು ಕೂಡ ಅದೇ ಪ್ರಯೋಗಗಳ ಮುಂದುವರಿಕೆಯಲ್ಲಿದೆ. 1981ರಲ್ಲಿ ಅದೇ ತಂಡ, ಪ್ರತಿಯೊಬ್ಬರ ಸದ್ದನ್ನೂ ಬೇರೆಯಾಗಿ ಅಳೆಯುತ್ತೇವೆ ಎಂದು ಹೇಳಿದಾಗ ಸೋಮಾರಿತನ ಮಾಯವಾಯಿತು. ನಾಲ್ಕು ಜನ ಸೇರಿ ಸಿಲಬಸ್ ಹಂಚಿಕೊಂಡು ನೋಟ್ಸ್ ಮಾಡುವವರು ಪ್ರತಿ ಪುಟದ ಮೇಲೆ ಮಾಡಿದವರ ಹೆಸರು, ದಿನಾಂಕ ಬರೆಯಲೇಬೇಕು. ಹೆಸರಿಲ್ಲದ ನೋಟ್ಸ್ ಮೂರನೇ ವಾರಕ್ಕೆ ಎಲ್ಲೋ ಡೌನ್‌ಲೋಡ್ ಮಾಡಿದ ಪಿ.ಡಿ.ಎಫ್. ಆಗಿರುತ್ತದೆ. ಅದನ್ನು ನೋಡಿದ ಶ್ರದ್ಧಾವಂತರೂ 'ನಾನೊಬ್ಬನೇ ಯಾಕೆ ಮೈಮುರಿಯಲಿ' ಎಂದು ಕೈಬಿಡುತ್ತಾರೆ. ಗುಂಪು ಒಡೆಯುವುದು ಸೋಮಾರಿಗಳಿಂದಲ್ಲ, ಹೀಗೆ ಬೇಸತ್ತ ಶ್ರದ್ಧಾವಂತರಿಂದ.

ಕೋಣೆಯನ್ನು ಉಪಯೋಗಿಸಿಕೊಳ್ಳುವ ಒಂದು ಕ್ರಮ ಇಲ್ಲಿದೆ. ಜನ ನಾಲ್ಕು ಮೀರಬಾರದು. ಹೊತ್ತು ಒಂದು ಗಂಟೆ. ಎಲ್ಲರಿಗೂ ಒಂದೇ 25 ಪ್ರಶ್ನೆ. ಮೊದಲ 30 ನಿಮಿಷ ಯಾರೂ ಬಾಯಿ ತೆರೆಯದೆ ಉತ್ತರವನ್ನೂ ಅದಕ್ಕೆ ಒಂದು ಸಾಲಿನ ಕಾರಣವನ್ನೂ ಪೆನ್ನಿನಲ್ಲಿ ಬರೆಯಬೇಕು, ಪೆನ್ಸಿಲ್ ಬೇಡ. ಆಮೇಲೆ 5 ನಿಮಿಷ ಬರೀ ಉತ್ತರದ ಅಕ್ಷರ ಓದುವುದು, ಗುಂಪಿಗೆ ಹೊಸದಾಗಿ ಬಂದವರಿಂದ ಶುರು. ಮುಂದಿನ 20 ನಿಮಿಷ ಭಿನ್ನ ಉತ್ತರ ಬಂದ ಪ್ರಶ್ನೆಗಳ ಮೇಲೆ ಮಾತ್ರ ಚರ್ಚೆ. ಕೊನೆಯ 5 ನಿಮಿಷದಲ್ಲಿ ಬಗೆಹರಿಯದೆ ಉಳಿದದ್ದನ್ನು ಯಾರು ಯಾವ ಪುಸ್ತಕದಲ್ಲಿ ನೋಡಿಕೊಂಡು ಬರುತ್ತಾರೆ ಎಂದು ಹೆಸರು ಹಚ್ಚುವುದು.

ಪೆನ್ನೇ ಯಾಕೆ, ಹೊಸಬರೇ ಮೊದಲು ಯಾಕೆ? 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ಮಾಡಿದ ಗೆರೆಗಳ ಪ್ರಯೋಗ ನೋಡಿ. ಕಣ್ಣಿಗೆ ರಾಚುವಂತೆ ಉದ್ದಗಿಡ್ಡ ಇರುವ ಗೆರೆಗಳ ಬಗ್ಗೆ ಮೊದಲೇ ಹೇಳಿಕೊಟ್ಟ ಜನ ಒಮ್ಮತದಿಂದ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಕೂತವರು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸಲ ಆ ತಪ್ಪನ್ನೇ ಹೇಳಿದರು. ಒಮ್ಮೆಯಾದರೂ ಬಾಗಿದವರು ನಾಲ್ವರಲ್ಲಿ ಮೂವರು. ಗೆರೆಯ ವಿಷಯದಲ್ಲೇ ಹೀಗಾದರೆ 'ಈ ಕೆಳಗಿನ ಹೇಳಿಕೆಗಳಲ್ಲಿ ಯಾವುವು ಸರಿ' ಎಂಬ ಪ್ರಶ್ನೆಯಲ್ಲಿ ಏನಾಗಬಹುದು? ಗುಂಪಿನ ಗಟ್ಟಿ ಬಾಯಿಯವರು 'ಬಿ' ಎಂದರೆ ಪೆನ್ಸಿಲ್ಲಿನ 'ಡಿ' ಮೆಲ್ಲಗೆ ಅಳಿಸಿಹೋಗುತ್ತದೆ. ಪ್ರಿಲಿಮ್ಸ್ ಮುಗಿದ ಸಂಜೆ ಹಾಲ್ ಹೊರಗೆ ಮೆಟ್ಟಿಲ ಮೇಲೆ ಕೀ ಆನ್ಸರ್ ಚರ್ಚೆ ನಡೆಯುವಾಗ ಸರಿ ಬರೆದವರೂ ಮುಖ ಬಾಡಿಸಿಕೊಂಡು ಹೋಗುವುದು ಇದರಿಂದಲೇ. ಆಶ್ ಪ್ರಯೋಗದಲ್ಲೇ ಇನ್ನೊಂದು ಸಂಗತಿ ಇದೆ. ಸರಿಯುತ್ತರ ಹೇಳುವ ಒಬ್ಬರೇ ಒಬ್ಬರು ಜೊತೆಗಿದ್ದರೂ ಬಾಗುವುದು ಶೇ. 5ರ ಆಸುಪಾಸಿಗೆ ಇಳಿಯಿತು. ನಾಲ್ವರ ಗುಂಪಿನಲ್ಲಿ ಒಬ್ಬರಾದರೂ ತಕರಾರು ಸ್ವಭಾವದವರು ಇರಲಿ.

ಪ್ರಬಂಧಕ್ಕೆ ಅಂಶ ಕೂಡಿಸುವಾಗಲೂ ಬಾಯಿಗಿಂತ ಕಾಗದ ಮುಂದೆ. 1958ರ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ನಾಲ್ವರು ಬೇರೆ ಬೇರೆ ಕೂತು ಬರೆದ ಅಂಶಗಳನ್ನು ಕೂಡಿಸಿದರೆ, ನಾಲ್ವರು ಒಟ್ಟಿಗೆ ಕೂತು ಹೇಳಿದ್ದರ ಹತ್ತಿರಹತ್ತಿರ ಎರಡರಷ್ಟಾಯಿತು. ಒಟ್ಟಿಗಿದ್ದಾಗ ಒಮ್ಮೆಗೆ ಒಬ್ಬರೇ ಮಾತಾಡಬಹುದು, ಉಳಿದವರ ಅಂಶ ಸರದಿ ಕಾಯುತ್ತಲೇ ಮರೆತುಹೋಗುತ್ತದೆ. ಹತ್ತು ನಿಮಿಷ ಮೌನವಾಗಿ ಬರೆದು ಆಮೇಲೆ ಓದಿ.

ಹಾಲ್‌ನ ಇನ್ನೊಂದು ರೋಗ ಗಂಟೆಗಳ ಪೈಪೋಟಿ. ಕೆಲವು ಕಡೆ ಹಾಜರಿ ಪುಸ್ತಕದ ಲೆಕ್ಕ ತೆಗೆದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ 'ಈ ವಾರದ ಟಾಪ್ 10' ಎಂದು ಹಾಕುತ್ತಾರೆ. ಅಳೆದದ್ದು ಬೆಳೆಯುತ್ತದೆ, ಹಾಗಾಗಿ ಅಲ್ಲಿ ಬೆಳೆಯುವುದು ಕುರ್ಚಿಯ ಮೇಲಿನ ಗಂಟೆ. ಮೂರು ಗಂಟೆ ಒಂದೇ ಪುಟ ತೆರೆದು ಕೂತವರೂ ಪಟ್ಟಿಯಲ್ಲಿ ಇರುತ್ತಾರೆ. ಇಂಥ ಕಡೆ ಸೇರಿದರೆ ಗ್ರೂಪ್ ಮ್ಯೂಟ್ ಮಾಡಿ, ನಿಮ್ಮ ಲೆಕ್ಕ ಬಿಡಿಸಿದ ಪ್ರಶ್ನೆಗಳಲ್ಲಿರಲಿ. ಟೀ ವಿರಾಮವೂ ಗುಂಪಿನದೇ. ಒಬ್ಬರು ಎದ್ದರೆ ನಾಲ್ವರು ಎದ್ದು, ಹತ್ತು ನಿಮಿಷದ ಬೈಟು ಟೀ ಮುಕ್ಕಾಲು ಗಂಟೆಯಾಗುತ್ತದೆ. ನೋಟಿಫಿಕೇಶನ್ ಮುಂದಕ್ಕೆ ಹೋಯಿತಂತೆ, ಹುದ್ದೆ ಕಡಿಮೆ ಮಾಡಿದರಂತೆ ಎಂಬ ಅಂತೆಕಂತೆಗಳ ಸಂತೆ ನೆರೆಯುವುದೂ ಅಲ್ಲೇ. ಗುಂಪಿನವರು ಏಳುವ ಅರ್ಧ ಗಂಟೆ ಮೊದಲು ಒಬ್ಬರೇ ಹೋಗಿ ಕುಡಿದು ಬಂದರೆ ಕೆಲಸ ಮುಗಿಯಿತು. ಸೊಕ್ಕು ಎಂದುಕೊಂಡಾರು, ಅಂದುಕೊಳ್ಳಲಿ.

ಸುರಕ್ಷತೆಯಲ್ಲಿ ರಾಜಿ ಬೇಡ. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ, ಲೈಬ್ರರಿಯಾಗಿ ಬಳಸುತ್ತಿದ್ದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಯು.ಪಿ.ಎಸ್.ಸಿ.ಗೆ ಓದುತ್ತಿದ್ದ ಮೂವರು ತೀರಿಕೊಂಡರು. ನೆಲಮಾಳಿಗೆಯ ಹಾಲ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಮೇಲಿನ ಮಹಡಿಯಾದರೆ ಎರಡನೇ ಮೆಟ್ಟಿಲ ದಾರಿ ಇದೆಯೇ, ಅದರ ಬಾಗಿಲಿಗೆ ಬೀಗ ಬಿದ್ದಿದೆಯೇ, ಬಾಗಿಲು ಬೆರಳಚ್ಚಿನಿಂದ ತೆರೆಯುವಂಥದ್ದಾದರೆ ಕರೆಂಟು ಹೋದಾಗ ಒಳಗಿನಿಂದ ಕೈಯಲ್ಲೇ ತೆರೆಯಲು ಬರುತ್ತದೆಯೇ ಕೇಳಿ, ತೆರೆಸಿ ನೋಡಿ. ಇಲ್ಲೂ ಗುಂಪು ಕೈಕೊಡುತ್ತದೆ. 1968ರಲ್ಲಿ ಲಟಾನೆ ಮತ್ತು ಜಾನ್ ಡಾರ್ಲಿ, ವಿದ್ಯಾರ್ಥಿಗಳು ಫಾರಂ ತುಂಬುತ್ತಿದ್ದ ಕೋಣೆಗೆ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದವರಲ್ಲಿ ಶೇ. 75 ಮಂದಿ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರು ಏನೂ ಆಗಿಲ್ಲವೆಂಬಂತೆ ಬರೆಯುತ್ತಾ ಕೂತಿದ್ದಾಗ ತಿಳಿಸಿದವರು ಶೇ. 10. ಪ್ಲಗ್ ಪಾಯಿಂಟಿನಿಂದ ಸುಟ್ಟ ವಾಸನೆ ಬಂದು ಹಾಲ್‌ನಲ್ಲಿ ಯಾರೂ ತಲೆ ಎತ್ತಿಲ್ಲವೆಂದರೆ, ಎಲ್ಲರೂ ನಿಮ್ಮನ್ನೇ ನೋಡಿ ಸುಮ್ಮನಿರಬಹುದು. ಎದ್ದು ಜೋರಾಗಿ ಹೇಳಿ, ಒಬ್ಬರತ್ತ ಬೆರಳು ತೋರಿಸಿ 'ನೀವು ಮೇನ್ ಸ್ವಿಚ್ ಆಫ್ ಮಾಡಿ' ಎನ್ನಿ.

ಬದಲಿ ಏನಿದೆ? ಸರ್ಕಾರಿ ಗ್ರಂಥಾಲಯ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ವಸೂಲಾಗುತ್ತದೆ, ಮನೆ ಕಂದಾಯದ ರಸೀದಿಯಲ್ಲಿ ನೀವದನ್ನು ಕಟ್ಟಿಯೇ ಇದ್ದೀರಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯದ ಎತ್ತರದ ಛಾವಣಿ, ಗಾಳಿ ಯಾವ ಎ.ಸಿ. ಹಾಲ್‌ನಲ್ಲೂ ಸಿಗದು. ಸ್ವಂತ ಪುಸ್ತಕ ಒಳಗೆ ಬಿಡುತ್ತಾರೆಯೇ, ಲ್ಯಾಪ್‌ಟಾಪಿಗೆ ಪ್ಲಗ್ ಇದೆಯೇ, ವಾರದ ರಜೆ ಯಾವತ್ತು ಎಂದು ಮೊದಲೇ ಕೇಳಿಕೊಳ್ಳಿ. ಕೊರತೆ ಎಂದರೆ ದಿನವೂ ಅದೇ ಸೀಟು, ಅದೇ ನೆರೆಯವರು ಸಿಗುವುದಿಲ್ಲ. ಕಾಯಂ ಮುಖಗಳಿಲ್ಲದ ಕಡೆ ನೀವು ಇವತ್ತು ಬರಲಿಲ್ಲವೆಂದು ಕೇಳುವವರೂ ಇರುವುದಿಲ್ಲ.

ಊರಲ್ಲಿದ್ದು ಓದುವವರಿಗೆ ವಿಡಿಯೋ ಕರೆಯ ದಾರಿ ಇದೆ. ಫೋಕಸ್‌ಮೇಟ್ ಎಂಬ ತಾಣ 25, 50, 75 ನಿಮಿಷಗಳ ಅವಧಿಗೆ ಒಬ್ಬ ಅಪರಿಚಿತ ಜೊತೆಗಾರರನ್ನು ಕೂಡಿಸುತ್ತದೆ, ವಾರಕ್ಕೆ ಮೂರು ಅವಧಿ ಉಚಿತ. ಶುರುವಿನಲ್ಲಿ ಏನು ಮಾಡುತ್ತೇನೆಂದು ಹೇಳಬೇಕು, ಕೊನೆಯಲ್ಲಿ ಎಷ್ಟಾಯಿತೆಂದು ಹೇಳಬೇಕು. ವ್ಯವಹಾರ ಇಂಗ್ಲಿಷಿನಲ್ಲೇ ಹೆಚ್ಚು. ಅದೇ ನಿಯಮ ಇಟ್ಟುಕೊಂಡು ಗೂಗಲ್ ಮೀಟ್‌ನಲ್ಲಿ ಗೆಳೆಯರೊಬ್ಬರ ಜೊತೆ ಕೂತರೂ ನಡೆಯುತ್ತದೆ. ಮೈಕ್ ಆಫ್, ಕ್ಯಾಮೆರಾ ಮುಖಕ್ಕಲ್ಲ, ಮೇಜು ಮತ್ತು ಕೈಗಳಿಗೆ ಇರಲಿ. ಆಪ್ತ ಗೆಳೆಯರಿಗಿಂತ ಅರೆಪರಿಚಿತರೇ ಇದಕ್ಕೆ ವಾಸಿ, ಹರಟೆಗೆ ವಿಷಯ ಇರುವುದಿಲ್ಲ.

ದುಡ್ಡಿನ ಲೆಕ್ಕ ತಿಂಗಳಿನಲ್ಲಿ ಬೇಡ, ಗಂಟೆಯಲ್ಲಿ ಮಾಡಿ. ಶುಲ್ಕ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. 26 ದಿನ, ದಿನಕ್ಕೆ 6 ಗಂಟೆ ಕೂತರೆ 156 ಗಂಟೆ, ಗಂಟೆಗೆ ಹತ್ತು ರೂಪಾಯಿಯೂ ಬೀಳುವುದಿಲ್ಲ. 16 ದಿನ, 4 ಗಂಟೆ ಎಂದರೆ 64 ಗಂಟೆ, 23 ರೂಪಾಯಿ ದಾಟಿತು. 24 ಗಂಟೆ ತೆರೆದಿರುತ್ತದೆ ಎಂಬ ಆಮಿಷಕ್ಕೆ ಹೆಚ್ಚು ಕೊಡುವ ಮೊದಲು ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೋಗಿ ಎಷ್ಟು ತಲೆ ಇವೆ ಎಣಿಸಿ. ಮೂರೇ ತಲೆ ಇದ್ದರೆ ಆ ಹೊತ್ತಿನ ಹಾಲ್ ನಿಮ್ಮ ರೂಮೇ.

ಸೇರುವ ಮುನ್ನ ಮೂರು ದಿನದ ಪಾಸ್ ಕೇಳಿ. ಮೂರೂ ದಿನ ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು, ತಲಾ ಒಂದು ಗಂಟೆ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ, ಎಷ್ಟು ಬಿಡಿಸಿದಿರಿ, ಎಷ್ಟು ಸರಿ, ಮೊಬೈಲ್ ಎಷ್ಟು ಸಲ ಮುಟ್ಟಿದಿರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಮೂರು ದಿನ ಮನೆಯಲ್ಲೂ ಅದೇ ಹೊತ್ತಿಗೆ ಹಾಗೇ ಮಾಡಿ. ಬಿಡಿಸಿದ್ದು ಹೆಚ್ಚಾಗಿ ಸರಿಯಾದದ್ದು ಇಳಿದಿದ್ದರೆ ಆ ವಿಷಯ ಇನ್ನೂ ಹಾಲ್‌ಗೆ ತರುವ ಹಂತಕ್ಕೆ ಬಂದಿಲ್ಲ. ಎರಡೂ ಏರಿದ್ದರೆ ಒಂದು ತಿಂಗಳಿಗೆ ಕಟ್ಟಿ. ಆರು ತಿಂಗಳ ಆಫರ್‌ಗೆ ಬೀಳಬೇಡಿ, ಪಕ್ಕದ ಸೀಟಿನವರು ನಾಡಿದ್ದು ಕೆಲಸ ಸಿಕ್ಕಿ ಹೋಗಬಹುದು. ಸೀಟ್ ನಂಬರ್ ಬರೆಸಿದ ರಸೀದಿ ತೆಗೆದುಕೊಳ್ಳಿ, ಸೀಟು ಬದಲಿಸಿಕೊಳ್ಳಲು ಎಷ್ಟು ಸಲ ಅವಕಾಶ ಎಂಬುದನ್ನೂ ಅದರ ಮೇಲೇ ಬರೆಸಿ.